ಹೆಬ್ಬೆಟ್ಟು ಮತ್ತು ಆರು ಅಂಕಿ

ಹೋದ ವರ್ಷ ಒಂದು ಮುಂಜಾನೆ ಧಾರವಾಡದ ರೂಮಿನಲ್ಲಿದ್ದಾಗ ನನ್ನ ಫೋನಿಗೆ ಆರು ಅಂಕಿ ಬಂದವು. ಹಿಂದೆಯೇ ಹಳಿಯಾಳ ಸೀಮೆಯ ನಮ್ಮೂರಿಂದ ಅವ್ವನ ದನಿ: “ಲಗೂನ ನಂಬರ್ ಹೇಳೋ ತಮ್ಮಾ, ದವಾಖಾನ್ಯಾಗ ಕೇಳಾಕತ್ತಾರ.” ಹೇಳಿದೆ. ಬಿ.ಪಿ. ಗುಳಿಗೆಗೆ ಹೋದ ಅವ್ವನ ಹೆಸರಿನಲ್ಲಿ ಹದಿನಾಲ್ಕು ಅಂಕಿಯ ‘ಆಭಾ’ ಆರೋಗ್ಯ ಖಾತೆ ಹುಟ್ಟಿತು. ಸಂಜೆ ಕೇಳಿದೆ: “ಯಾಕ ಮಾಡಿಸಿದ್ಯವ್ವಾ?”

“ನನಗೇನ ಗೊತ್ತೋ? ನಂಬರ್ ಹೇಳಿದಾಂವ ನೀನ.”

ಅಲ್ಲಿ ಒಪ್ಪಿದವರು ಯಾರು? ಅವ್ವನ ಆಧಾರಿಗೆ ಜೋಡಿಸಿದ್ದು ನನ್ನ ಫೋನು. ಯಂತ್ರದ ಲೆಕ್ಕದಲ್ಲಿ ಅವಳು ಒಪ್ಪಿದ್ದಾಳೆ.

ಗೆಳೆಯರೇ, ನಾನು ಯಂತ್ರದ ವೈರಿಯಲ್ಲ. ಜೋಯಿಡಾದ ಕಾಡಿನ ಮಜಿರೆಯಿಂದ ಬಸುರಿ ಹೆಣ್ಣುಮಗಳೊಬ್ಬಳು ನೋವು ತಿನ್ನುತ್ತ ದಾಂಡೇಲಿಗೆ, ಅಲ್ಲಿಂದ ಹುಬ್ಬಳ್ಳಿಗೆ ಸಾಗುವಾಗ ಅವಳ ರಕ್ತದ ಗುಂಪು, ಹಿಂದಿನ ಹೆರಿಗೆಯ ಸಂಗತಿ ಅವಳಿಗಿಂತ ಮೊದಲೇ ಅಲ್ಲಿ ಮುಟ್ಟಿದರೆ ಜೀವ ಉಳಿದೀತು. (ಗುಡ್ಡ ಹತ್ತಿ ಫೋನು ಎತ್ತಿ ಹಿಡಿಯುವ ಊರುಗಳಲ್ಲಿ ಅದು ಹೇಗೆ ಮುಟ್ಟೀತೋ, ಆ ಮಾತು ಬೇರೆ.) 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಸಾರಿದ ಡಿಜಿಟಲ್ ಆರೋಗ್ಯ ಯೋಜನೆ ಹೇಳುವುದೂ ಇದನ್ನೇ. ಖಾತೆ ಐಚ್ಛಿಕ ಎಂದೂ ಅದು ಹೇಳುತ್ತದೆ. ಐಚ್ಛಿಕ! ಗುಳಿಗೆಯ ಸಾಲಿನಲ್ಲಿ ನಿಂತವಳಿಗೆ ‘ಬ್ಯಾಡ’ ಅನ್ನುವ ದಾರಿಯನ್ನು ಯಾರು ತೋರಿಸಿದರು?

ಕಾಗದ ನಮಗೆ ಹೊಸದಲ್ಲ. ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟೊತ್ತಿ ಹೊಲ ಕಳಕೊಂಡವರು ನಾವು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಇದೇ ಜಿಲ್ಲೆಯ ಗೇಣಿದಾರರು ಏಳನೇ ನಮೂನೆ ತುಂಬಿ ಉಳುವ ಹೊಲ ದಕ್ಕಿಸಿಕೊಂಡರು. ಆಗಲೂ ಎಷ್ಟೋ ಜನ ಒತ್ತಿದ್ದು ಹೆಬ್ಬೆಟ್ಟೇ. ಬೆರಳು ಅದೇ. ಆದರೆ ಈ ಸಲ ಪಕ್ಕದಲ್ಲಿ ಕೂತು ಓದಿ ಹೇಳುವವರಿದ್ದರು. ಇಲ್ಲದ ಕಡೆ ಹೊಲ ದಕ್ಕಲಿಲ್ಲ.

ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು ಎಂದು 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಬರೆದಿದೆ. ಕೇಳುವ ಮಾತು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲೋ ಸಿಗಬೇಕಂತೆ. ಕನ್ನಡ, ಕೊಂಕಣಿ, ಮರಾಠಿ ಅಲ್ಲಿವೆ. 1966ರಿಂದ ನೆಲೆನಿಂತ ಮುಂಡಗೋಡದ ಟಿಬೆಟಿಯನ್ನರ ನುಡಿ ಇಲ್ಲ. ಕೊಂಕಣಿಯಾಡುವ ಸಿದ್ದಿ ಅಜ್ಜಿಗೆ ಭಾಷೆ ಸಿಕ್ಕೀತು, ಅಕ್ಷರ ಎಲ್ಲಿಂದ ತರೋಣ? ಓದಿ ಹೇಳುವ ಕೆಲಸ ಕೊನೆಗೆ ಬೀಳುವುದು ಆಶಾ ಅಕ್ಕನ ತಲೆಯ ಮೇಲೆ. ತಿಂಗಳಿಗೆ ಖಚಿತವಾಗಿ ಹದಿನೈದು ಸಾವಿರ ಕೊಡಿ ಎಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತವರು ಅವರು.

ಯೋಜನೆ ಮಾಡುವವರು ಯಂತ್ರ ಕೊಳ್ಳುವ ಮೊದಲು ಕೇರಿಯ ಕಟ್ಟೆಗೆ ಬಂದು ಕೂರಲಿ. ಏನು ಬರೀತೀವಿ, ಯಾರು ನೋಡ್ತಾರೆ, ಅಳಿಸೋದು ಹೇಗೆ ಎಂದು ಬಾಯಿಬಿಟ್ಟು ಹೇಳಲಿ. ‘ಬ್ಯಾಡ’ ಅಂದವಳ ಕೈಗೂ ಅದೇ ದಿನ ಗುಳಿಗೆ ಹಾಕಲಿ. ಇದಕ್ಕೆ ವೇಳೆ ಹಿಡಿಯುತ್ತದೆ, ಹಿಡಿಯಲಿ.

ಮೊನ್ನೆ ಊರಿಗೆ ಹೋದಾಗ ಅವ್ವನ ಖಾತೆಯನ್ನು ತೆರೆದು ಓದಿ ಹೇಳಿದೆ. ಕೇಳಿದಳು: “ಇದರಾಗ ನಮ್ಮ ಜಾತಿ ಬರದಾರೇನ?”

“ಇಲ್ಲವ್ವಾ. ಹೆಸರು, ಹುಟ್ಟಿದ ದಿನ, ವಿಳಾಸ ಅಷ್ಟ.”

“ವಿಳಾಸದಾಗ ಕೇರಿ ಹೆಸರು ಐತಲ್ಲೋ,” ಅಂದಳು ಅವ್ವ.