ಬಿಟ್ಟು ಹೋದವರ ಬಗ್ಗೆ ಆಡುವ ಮಾತು

 



ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ನಮ್ಮ ಹುಡುಗ ಹುಡುಗಿಯರು ಬೆಂಗಳೂರಿನ ಗಾರ್ಮೆಂಟ್ಸ್, ಆಸ್ಪತ್ರೆ, ಖಾಸಗಿ ಶಾಲೆಗಳಲ್ಲಿ ಕೆಲಸ ಕೇಳಲು ಹೋದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಿಂದೆ ಎಲ್ಲಿದ್ದಿರಿ? ಅಲ್ಲಿಯವರ ಫೋನ್ ನಂಬರ್ ಕೊಡಿ." ಆ ಫೋನ್ ಎತ್ತಿದ ಹಳೆಯ ಮಾಲೀಕರ ಎರಡು ಮಾತಿನ ಮೇಲೆ ಒಂದು ಮನೆಯ ಅನ್ನ ನಿಂತಿರುತ್ತದೆ. ಆ ಮಾತು ಹೇಗಿರಬೇಕು?

ಒಳ್ಳೆಯ ಮಾತಿಗೆ ಭಗವಾನ್ ಬುದ್ಧರು ಐದು ಲಕ್ಷಣ ಹೇಳಿದ್ದಾರೆ. ಅದು ಸಕಾಲದ್ದಾಗಿರಬೇಕು, ಸತ್ಯವಾಗಿರಬೇಕು, ಮೃದುವಾಗಿರಬೇಕು, ಹಿತವಾಗಿರಬೇಕು, ಮೈತ್ರಿಯಿಂದ ಬಂದಿರಬೇಕು.

"ಅವನಾ? ಬಿಡಿ, ಏನು ಹೇಳೋದು" ಎಂದು ನಕ್ಕು ಸುಮ್ಮನಾದರೆ ಸುಳ್ಳು ಹೇಳಿದಂತಾಗಲಿಲ್ಲ ಅನ್ನಿಸಬಹುದು. ಆದರೆ ಕೇಳಿದವರು ಕೆಟ್ಟದ್ದನ್ನೇ ಊಹಿಸುತ್ತಾರೆ. ಉತ್ತರ ಕೊಡಬೇಕಾದವನು ಅಲ್ಲಿರುವುದಿಲ್ಲ. ಬಾಕಿ ಸಂಬಳ ಕೇಳಿದ್ದಕ್ಕೆ ಬಂದ ಸಿಟ್ಟೂ ಆ ನಗುವಿನಲ್ಲಿ ಅಡಗಿರಬಹುದು.

ಹಾಗೆಂದು ನಮ್ಮವರೆಂಬ ಕಾರಣಕ್ಕೆ ಇಲ್ಲದ ಗುಣ ಕಟ್ಟಿ ಹೇಳಿದರೆ ಅದೂ ಮುಸಾವಾದವೇ. ಆ ಸುಳ್ಳಿನ ಬೆಲೆಯನ್ನು ಮುಂದೆ ಅದೇ ಊರಿನಿಂದ ಹೋಗುವ ಯೋಗ್ಯ ಹುಡುಗಿ ತೆರಬೇಕಾಗುತ್ತದೆ.

1917ರಲ್ಲಿ ಬರೋಡಾದ ಕಚೇರಿಯಲ್ಲಿ ಜವಾನರು ಬಾಬಾಸಾಹೇಬರ ಮೇಜಿನ ಮೇಲೆ ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. 1920ರಲ್ಲಿ ಅವರು ಓದು ಮುಂದುವರಿಸಲು ಲಂಡನ್ನಿಗೆ ಹೊರಟಾಗ, ಕೊಲಂಬಿಯಾದ ಗುರು ಸೆಲಿಗ್‌ಮನ್ ಅಲ್ಲಿನ ಪ್ರಾಧ್ಯಾಪಕ ಫಾಕ್ಸ್‌ವೆಲ್ ಅವರಿಗೆ ಶಿಫಾರಸು ಪತ್ರ ಬರೆದರು. ಸೆಲಿಗ್‌ಮನ್ ನೆಂಟರಲ್ಲ, ಜಾತಿಯವರಲ್ಲ. ವಿದ್ಯಾರ್ಥಿಯ ಓದನ್ನು ಕಣ್ಣಾರೆ ಕಂಡವರು. ಬರೋಡಾ ಹುಟ್ಟನ್ನು ಅಳೆಯಿತು, ಗುರು ಕೆಲಸವನ್ನು ಅಳೆದರು. ದೊಡ್ಡವರ ಪರಿಚಯವಿಲ್ಲದ ಮನೆಯ ಮಕ್ಕಳಿಗೆ ಇಂಥ ನ್ಯಾಯವಾದ ಮಾತೊಂದೇ ಆಸರೆ.

ಇಂದು ನಮ್ಮಲ್ಲೂ ಮುಖ್ಯೋಪಾಧ್ಯಾಯರು, ಅಧಿಕಾರಿಗಳು, ಗುತ್ತಿಗೆದಾರರು, ಅಂಗಡಿ ಮಾಲೀಕರು ಇದ್ದಾರೆ. ಪತ್ರಕ್ಕಾಗಿ ಅಲೆದವರು ಈಗ ಪತ್ರ ಕೊಡುವ ಜಾಗದಲ್ಲಿದ್ದೇವೆ. ಅನುಭವ ಪತ್ರವನ್ನು ಕೆಲಸ ಬಿಡುವ ದಿನವೇ ಕೊಡೋಣ. ಎಷ್ಟು ವರ್ಷ ಇದ್ದರು, ಯಾವ ಕೆಲಸ, ಹೇಗೆ ಮಾಡಿದರು ಎಂದು ಕಂಡಷ್ಟೇ ಹೇಳೋಣ. ತಪ್ಪಿದ್ದರೆ ಮೊದಲು ಅವರಿಗೇ ಹೇಳಿ, ಅವರ ಮಾತನ್ನೂ ಕೇಳೋಣ. ಮಕ್ಕಳಿಗೋ ರೋಗಿಗಳಿಗೋ ಅಪಾಯವಾಗುವಂಥ ಸಂಗತಿ ನಿಜವಾಗಿ ಗೊತ್ತಿದ್ದರೆ ಮುಚ್ಚಿಡಬಾರದು. ಅಲ್ಲಿ ಮೌನ ಕರುಣೆಯಲ್ಲ.

ಫೋನ್ ಬಂದಾಗ ಒಂದು ಕ್ಷಣ ಕೇಳಿಕೊಳ್ಳೋಣ: ಆ ವ್ಯಕ್ತಿ ಪಕ್ಕದಲ್ಲೇ ನಿಂತಿದ್ದರೂ ನಾನು ಇದನ್ನೇ ಹೇಳುತ್ತಿದ್ದೆನೇ?

ಭವತು ಸಬ್ಬ ಮಂಗಲಂ.