ಇಂದ್ರ ಇರಿಸಿಹೋದ ಖಡ್ಗ

ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ, ರಾಕ್ಷಸರನ್ನು ಕೊಲ್ಲುತ್ತೇನೆಂದು ರಾಮ ಋಷಿಗಳಿಗೆ ಮಾತು ಕೊಟ್ಟ ಮೇಲೆ, ಸೀತೆ ಅವನಿಗೊಂದು ಹಳೆಯ ಕಥೆ ಹೇಳುತ್ತಾಳೆ. ಕಾಡಿನಲ್ಲೊಬ್ಬ ತಪಸ್ವಿ. ಅವನ ತಪಸ್ಸು ಕೆಡಿಸಬೇಕೆಂದು ಇಂದ್ರ ಸೈನಿಕನ ವೇಷದಲ್ಲಿ ಬಂದು, ಒಳ್ಳೆಯದೊಂದು ಖಡ್ಗವನ್ನು ಜೋಪಾನ ಮಾಡಲು ಒಪ್ಪಿಸಿ ಹೋಗುತ್ತಾನೆ. ಇನ್ನೊಬ್ಬರ ಸ್ವತ್ತು ಕಳೆದೀತೆಂಬ ಭಯಕ್ಕೆ ತಪಸ್ವಿ ಹಣ್ಣು ಗೆಡ್ಡೆ ತರಲು ಹೋದರೂ ಅದನ್ನು ಹಿಡಿದೇ ಹೋಗುತ್ತಾನೆ. ದಿನ ಕಳೆದ ಹಾಗೆ ಬುದ್ಧಿ ಕ್ರೂರವಾಗುತ್ತದೆ, ತಪಸ್ಸು ಬಿಟ್ಟುಹೋಗುತ್ತದೆ, ಕೊನೆಗೆ ನರಕ ಸೇರುತ್ತಾನೆ. ಕಥೆಯ ಬಿಗಿ ಇರುವುದು ಇಂದ್ರ ಹೇಳದೆ ಬಿಟ್ಟ ಮಾತಿನಲ್ಲಿ. ಯಾರನ್ನಾದರೂ ಕಡಿ ಎಂದು ಅವನು ಹೇಳಲಿಲ್ಲ, ಆಸೆ ತೋರಿಸಲಿಲ್ಲ, ಶತ್ರುವನ್ನೂ ಸೃಷ್ಟಿಸಲಿಲ್ಲ. ದಿನವೂ ಹೊತ್ತು ತಿರುಗುವ ಹಾಗೆ ಮಾಡಿದ, ಅಷ್ಟೆ. ದಿನನಿತ್ಯ ಆಯುಧ ಒಯ್ಯುವುದರ ಬಗ್ಗೆ ನಮ್ಮ ದೇಶದಲ್ಲಿ ನಡೆದಿರುವ ಅತ್ಯಂತ ಹಳೆಯ ಚರ್ಚೆಗಳಲ್ಲಿ ಇದೊಂದು. ಅದನ್ನು ಎತ್ತಿದವಳು ಸೀತೆ ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಇವತ್ತು ಜೇಬಿಗೊಂದು ದಪ್ಪ ಅಲಗಿನ ಮಡಚುವ ಚಾಕು ಹುಡುಕುವವನ ಮುಂದೆ ಈ ಚರ್ಚೆ ಬೇರೆ ಮಾತಿನಲ್ಲಿ ಬರುತ್ತದೆ. ಉಕ್ಕು ಡಿ2 ಇರಲೋ ತುಕ್ಕು ಹಿಡಿಯದ್ದೇ ಇರಲೋ, ಲೈನರ್ ಲಾಕ್ ಸಾಕೋ ಫ್ರೇಮ್ ಲಾಕ್ ಬೇಕೋ, ಅಲಗು ಮೂರು ಮಿಲಿಮೀಟರ್ ದಪ್ಪವಿರಲೋ ನಾಲ್ಕಿರಲೋ ಎಂದು ಅವನು ಲೆಕ್ಕ ಹಾಕುತ್ತಾನೆ. ಇವೆಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ಯಾವುದಕ್ಕೂ ಉತ್ತರ ಸಿಗುವುದು ಇನ್ನೊಂದು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ: ಕೆಲಸ ಯಾವುದು? ರಟ್ಟಿನ ಪೆಟ್ಟಿಗೆ ಕೊಯ್ಯುವುದೋ, ಹಗ್ಗವೋ, ತಂತಿಯ ಪ್ಲಾಸ್ಟಿಕ್ ಸುಲಿಯುವುದೋ, ಸೇಬು ಹೆಚ್ಚುವುದೋ? ಸೇಬಿಗೆ ನಾಲ್ಕು ಮಿಲಿಮೀಟರ್ ದಪ್ಪದ ಅಲಗು ಹಚ್ಚಿದರೆ ಅದು ಕೊಯ್ಯುವ ಬದಲು ಹಣ್ಣನ್ನು ಸೀಳುತ್ತದೆ. ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಬಿಚ್ಚುವವನ ಕೈಯಲ್ಲಿರುವುದು ಅಲಗು ಮುರಿದು ಬಿಸಾಡುವ ಅಗ್ಗದ ಕಟರ್, ಭಾರೀ ಚಾಕುವಲ್ಲ. ಕೆಲಸದ ಹೆಸರು ಹೇಳಿದ ಕೂಡಲೇ ಚಾಕು ಸಾಮಾನ್ಯವಾಗಿ ಸಣ್ಣದಾಗುತ್ತದೆ, ತೆಳ್ಳಗಾಗುತ್ತದೆ. ಯಾವುದಕ್ಕಾದರೂ ಇರಲಿ ಎಂದರೆ ಮಾತ್ರ ಅದು ದಪ್ಪವಾಗುತ್ತಾ ಹೋಗುತ್ತದೆ. ನನ್ನ ವಾದವೂ ಇದೇ: ಹೆಸರಿಟ್ಟ ಕೆಲಸಕ್ಕಾಗಿ ಒಯ್ಯುವ ಚಾಕು ಉಪಕರಣ, ಹೆಸರಿಲ್ಲದ ಭಯಕ್ಕಾಗಿ ಒಯ್ಯುವ ಚಾಕು, ಅದೇ ಕಂಪನಿಯದ್ದು ಅದೇ ಉಕ್ಕಿನದ್ದು ಆದರೂ, ಇಂದ್ರ ಒಪ್ಪಿಸಿಹೋದ ಖಡ್ಗ.

ಇದಕ್ಕೆ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ಚಾಕು ಜಡವಸ್ತು, ಅದರಲ್ಲಿ ಪಾಪವೂ ಇಲ್ಲ ಪುಣ್ಯವೂ ಇಲ್ಲ, ಎಲ್ಲ ಹಿಡಿದ ಕೈಯಲ್ಲಿದೆ. ಅರ್ಧ ಸತ್ಯ ಇದು. ಉಳಿದರ್ಧಕ್ಕೆ ದೆಹಲಿಯಿಂದ ಇನ್ನೂರು ಕಿಲೋಮೀಟರಿನೊಳಗಿರುವ ರಾಮ್‌ಪುರವನ್ನು ನೋಡಬೇಕು. ಎಪ್ಪತ್ತರ ದಶಕದ ಹಿಂದಿ ಸಿನಿಮಾಗಳ ಖಳರೆಲ್ಲ ಹಿಡಿಯುತ್ತಿದ್ದ ರಾಮ್‌ಪುರಿ ಚಾಕು ಆ ಊರಿನದು. ಗರಾರಿ, ಎಂದರೆ ಹಲ್ಲಿನ ಕಚ್ಚು, ಇದ್ದ ಅಲಗು ತೆರೆಯುವಾಗ ಕಟಕಟ ಸದ್ದು ಮಾಡುತ್ತಿತ್ತು. ಬಟನ್ ಇದ್ದದ್ದು ಒತ್ತಿದ ಕ್ಷಣಕ್ಕೆ ಚಿಮ್ಮುತ್ತಿತ್ತು. ಬದನೆಕಾಯಿಗೆ ಈ ಸದ್ದಾಗಲಿ ಈ ವೇಗವಾಗಲಿ ಬೇಡ. ಸದ್ದು ಕೇಳಿಸಬೇಕಾದ್ದು ಎದುರಿಗೆ ನಿಂತ ಮನುಷ್ಯನಿಗೆ. ಅಂದರೆ ಉದ್ದೇಶ ಕೈಗೆ ಬರುವ ಮೊದಲೇ ರೂಪದೊಳಗೆ ಕೂತಿದೆ, ಕಮ್ಮಾರ ಅದನ್ನು ಅಲ್ಲಿಟ್ಟಿದ್ದಾನೆ. ತೊಂಬತ್ತರ ದಶಕದಲ್ಲಿ ಉತ್ತರ ಪ್ರದೇಶ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗನ್ನು ನಿಷೇಧಿಸಿದ ಮೇಲೆ ಆ ಕಸುಬು ಸೊರಗಿತು. 2023ರಲ್ಲಿ ಅದೇ ಊರು ಚೌಕವೊಂದರಲ್ಲಿ ಇಪ್ಪತ್ತು ಅಡಿಯ ಚಾಕು ನಿಲ್ಲಿಸಿ ಹೆಮ್ಮೆಪಟ್ಟಿತು. ಮಾಡುವವರ ಕೈಚಳಕಕ್ಕೆ ಗೌರವ ಸಲ್ಲಬೇಕು ಎಂಬುದು ಸರಿಯೇ. ಹಾಗೆಂದು ಚಾಕುವಿಗೆ ಸ್ವಭಾವವೇ ಇಲ್ಲ ಎನ್ನಲಾಗದು.

ಕಾನೂನು ಈ ಸ್ವಭಾವವನ್ನು ಗುರುತಿಸುತ್ತದೆ, ಆದರೆ ಅಳತೆಪಟ್ಟಿ ಹಿಡಿದು. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಗೆಲಸಕ್ಕೂ ಬೇಸಾಯಕ್ಕೂ ಮಾತ್ರವೇ ರೂಪಿಸಿದ ವಸ್ತುಗಳನ್ನು ಆಯುಧವೆಂದು ಎಣಿಸುವುದಿಲ್ಲ. ಅದರಡಿಯ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುತ್ತವೆ. ದೆಹಲಿ ಆಡಳಿತ 1980ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ಇನ್ನೂ ಬಿಗಿ: ಗರಾರಿ, ಬಟನ್ ಅಥವಾ ಬೇರೆ ಯಾಂತ್ರಿಕ ಸಾಧನದಿಂದ ತೆರೆಯುವ, 7.62 ಸೆಂಟಿಮೀಟರ್ ಉದ್ದ 1.72 ಸೆಂಟಿಮೀಟರ್ ಅಗಲ ಮುಟ್ಟಿದ ಅಲಗಿನ ಚಾಕುವನ್ನು ತಯಾರಿಸುವುದು, ಮಾರುವುದು, ಮಾರಲು ಇಟ್ಟುಕೊಳ್ಳುವುದಕ್ಕೆ ಅದು ಕಟ್ಟುಹಾಕುತ್ತದೆ. ಮಾರಾಟದ ಆರೋಪವೇ ಇಲ್ಲದೆ ಒಬ್ಬನ ಬಳಿ ಸಿಕ್ಕ ಬಟನ್ ಚಾಕುವಿನ ಪ್ರಕರಣವೊಂದನ್ನು ಸುಪ್ರೀಂ ಕೋರ್ಟ್ 2025ರಲ್ಲಿ ರದ್ದುಪಡಿಸಿತು. ಜೊತೆಗೆ ಅಧಿಸೂಚನೆ ದೆಹಲಿಯದ್ದು. ಯಮುನೆ ದಾಟಿ ನೋಯ್ಡಾಕ್ಕೆ ಹೋದರೆ ಉತ್ತರ ಪ್ರದೇಶ, ಇತ್ತ ಗುರುಗ್ರಾಮಕ್ಕೆ ಬಂದರೆ ಹರಿಯಾಣ. ಒಂದೇ ಸಂಜೆಯಲ್ಲಿ ಒಂದೇ ಚಾಕು ಮೂರು ಆಡಳಿತಗಳ ಕಣ್ಣಿಗೆ ಬೀಳಬಹುದು. ಇದನ್ನು ಕಂಡು ಕಾನೂನನ್ನು ಹಾಸ್ಯಮಾಡುವುದು ಸುಲಭ. ನಿಯಮ ಮಾಡಬಹುದಾದ್ದು ಇಷ್ಟೇ ಎಂದು ಒಪ್ಪುವುದು ಹೆಚ್ಚು ನ್ಯಾಯ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ನಿಂತಿರುವ ಅಶೋಕನ ಕಂಬ, ಹದಿನಾಲ್ಕನೇ ಶತಮಾನದಲ್ಲಿ ತುಘಲಕ್ ದೊರೆ ಟೋಪ್ರಾದಿಂದ ಹೊರಿಸಿ ತಂದದ್ದು, ಈ ವಿಷಯವನ್ನು ನೇರವಾಗಿಯೇ ಎತ್ತುತ್ತದೆ. ಆ ಕಂಬದ ಏಳನೆಯ ಶಾಸನದಲ್ಲಿ ಅಶೋಕ, ಜನರಲ್ಲಿ ಧರ್ಮ ಬೆಳೆದದ್ದು ಎರಡು ದಾರಿಯಿಂದ ಎನ್ನುತ್ತಾನೆ: ಒಂದು ಕಟ್ಟಳೆ, ಇನ್ನೊಂದು ಮನಗಾಣಿಸುವುದು, ಕಟ್ಟಳೆಯಿಂದ ಆದದ್ದು ಅಲ್ಪ. ಪ್ರಾಣಿವಧೆಗೆ ಸ್ವತಃ ಕಟ್ಟಳೆಗಳನ್ನು ಹಾಕಿದ ದೊರೆಯೇ ಹೀಗೆ ಬರೆಸಿದ್ದಾನೆ ಎಂಬುದರಿಂದ ಮಾತಿಗೆ ತೂಕ ಬರುತ್ತದೆ.

ಮನಗಾಣುವುದು ಏನನ್ನು? ಜೈನ ಶ್ರಾವಕಾಚಾರದಲ್ಲಿ, ಎಂದರೆ ಗೃಹಸ್ಥರ ನಡತೆಯ ನಿಯಮಗಳಲ್ಲಿ, ಇದಕ್ಕೊಂದು ಖಚಿತವಾದ ಉತ್ತರವಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಗೃಹಸ್ಥನಿಗೆ ಹೇಳುವ ವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು, ಎಂದರೆ ಪ್ರಯೋಜನವಿಲ್ಲದೆ ಮಾಡುವ ಹಿಂಸೆಯಿಂದ ದೂರವಿರುವುದು. ಅದರ ಐದು ಬಗೆಗಳಲ್ಲಿ ಹಿಂಸಾದಾನವೂ ಸೇರಿದೆ, ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಅಲ್ಲಿನ ಪಟ್ಟಿಯಲ್ಲಿ ಕೊಡಲಿ, ಕತ್ತಿಗಳ ಪಕ್ಕದಲ್ಲೇ ನೆಲ ಅಗೆಯುವ ಸಲಕರಣೆಯೂ ಬೆಂಕಿಯೂ ಸರಪಳಿಯೂ ಇವೆ. ಬೆಂಕಿಯಿಲ್ಲದೆ ಯಾವ ಗೃಹಸ್ಥನ ಮನೆ ನಡೆಯುತ್ತದೆ? ಆದ್ದರಿಂದ ಈ ಪಟ್ಟಿಯನ್ನು ಆಯುಧಗಳ ಮೇಲಿನ ಸಿಟ್ಟೆಂದು ಓದಲಾಗದು. ಅಹಿಂಸೆಯಲ್ಲಿ ಇವರಷ್ಟು ಕಟ್ಟುನಿಟ್ಟಾದವರು ಸಿಗುವುದು ಕಷ್ಟ. ಅವರೂ ಗೃಹಸ್ಥನಿಗೆ ಗೆರೆ ಎಳೆದದ್ದು ಮೊನಚಿನ ಲೆಕ್ಕದಲ್ಲಲ್ಲ, ಪ್ರಯೋಜನದ ಲೆಕ್ಕದಲ್ಲಿ. ಅಹಿಂಸೆಯನ್ನು ನಂಬುವವನು ಚಾಕು ಮುಟ್ಟಲೇಬಾರದು ಎಂಬ ಇನ್ನೊಂದು ತುದಿಯ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ನಿಜವಾಗಿ ಭಾರವಾದ ಆಕ್ಷೇಪ ಆತ್ಮರಕ್ಷಣೆಯದು. ದೆಹಲಿಯ ರಾತ್ರಿಗಳನ್ನು ಬಲ್ಲವರ ಮುಂದೆ, ಅದರಲ್ಲೂ ಹೆಂಗಸರ ಮುಂದೆ, ತಪಸ್ವಿಯ ಕಥೆ ಹೇಳಿ ನುಣುಚಿಕೊಳ್ಳಲಾಗದು. 2017ರ ಆರಂಭದಲ್ಲಿ ಮೆಟ್ರೋದಲ್ಲಿ ಮಹಿಳೆಯರು ಸಣ್ಣ ಚಾಕು ಒಯ್ಯಲು ಅಲ್ಲಿನ ಭದ್ರತೆ ನೋಡುವ ಸಿಐಎಸ್‌ಎಫ್ ಸಡಿಲಿಕೆ ಕೊಟ್ಟಿದೆಯೆಂದು ಪತ್ರಿಕೆಗಳು ವರದಿ ಮಾಡಿದಾಗ, ಆಡಳಿತವೇ ಭಯವನ್ನು ಒಪ್ಪಿಕೊಂಡಂತಾಗಿತ್ತು. ಭಾರತೀಯ ನ್ಯಾಯ ಸಂಹಿತೆಯೂ 34ರಿಂದ 44ರವರೆಗಿನ ಕಲಂಗಳಲ್ಲಿ ಆತ್ಮರಕ್ಷಣೆಯ ಹಕ್ಕನ್ನು ಉಳಿಸಿಕೊಂಡಿದೆ, ಅಗತ್ಯಕ್ಕಿಂತ ಹೆಚ್ಚು ಕೇಡು ಮಾಡಬಾರದೆಂಬ ಮಿತಿಯ ಜೊತೆಗೆ. ರಾಮನೂ ಸೀತೆಗೆ ಸೋಲಲಿಲ್ಲ. ಆರ್ತರ ಕೂಗು ಕೇಳಬಾರದೆಂದೇ ಕ್ಷತ್ರಿಯ ಬಿಲ್ಲು ಹಿಡಿಯುವುದು ಎಂದ. ಆದರೆ ಅವನ ಉತ್ತರದ ರಚನೆ ನೋಡಿ: ಬಿಲ್ಲು ಯಾರಿಗಾಗಿ ಎಂಬುದಕ್ಕೆ ಅವನ ಬಳಿ ಹೆಸರಿದೆ, ಶರಣು ಬಂದ ಋಷಿಗಳು, ಏಕೆಂಬುದಕ್ಕೆ ಎಲ್ಲರೆದುರು ಕೊಟ್ಟ ಮಾತಿದೆ. ಅಂದರೆ ಅವನೂ ಕೆಲಸದ ಹೆಸರು ಹೇಳಿಯೇ ಗೆದ್ದ. ಮಡಚುವ ಚಾಕು ಈ ಪರೀಕ್ಷೆಯಲ್ಲಿ ಸೋಲುವುದು ನೀತಿಯಲ್ಲಿ ಮಾತ್ರವಲ್ಲ, ಉಪಯೋಗದಲ್ಲೂ. ಮೈಮೇಲೆ ಬಿದ್ದವನ ಹಿಡಿತದಲ್ಲಿ ಅದನ್ನು ಜೇಬಿನಿಂದ ತೆಗೆದು ಬಿಚ್ಚಲು ಹೊತ್ತಿರುವುದಿಲ್ಲ, ಬಿಚ್ಚಿದರೂ ಕಿತ್ತುಕೊಳ್ಳುವುದು ಬಲವಿದ್ದವನು, ಲಾಕ್ ಜಾರಿದರೆ ಕುಯ್ಯುವುದು ಹಿಡಿದವರದೇ ಬೆರಳು. ಸೀಟಿಯೋ ಮೆಣಸಿನ ಸ್ಪ್ರೇಯೋ ಓಡಲು ಹೊತ್ತು ಕೊಡುತ್ತವೆ, ಚಾಕು ನಿಂತು ಹೋರಾಡಲು ಹೇಳುತ್ತದೆ. ಇನ್ನು ಇಂಥ ಚಾಕು ಹೆಚ್ಚಾಗಿ ಕೊಳ್ಳುವ ಗಂಡಸು ದಿನವೂ ಎದುರಿಸುವುದು ಡಕಾಯಿತನನ್ನಲ್ಲ, ಪಾರ್ಕಿಂಗ್ ಜಗಳವನ್ನು, ಸಿಗ್ನಲ್ಲಿನಲ್ಲಿ ಬಂಪರ್ ತಾಗಿಸಿದ ಇನ್ನೊಬ್ಬ ಸಿಟ್ಟಿನ ಗಂಡಸನ್ನು. ಜೇಬಿನಲ್ಲಿ ಅಲಗು ಇದೆ ಎಂಬ ತಿಳಿವಳಿಕೆ ಅಲ್ಲಿ ದನಿಯನ್ನು ಏರಿಸುತ್ತದೆಯೋ ಇಳಿಸುತ್ತದೆಯೋ? ಸೀತೆ ಕೇಳಿದ್ದು ಇದನ್ನೇ.

ಹಾಗಾದರೆ ಸಿಖ್ಖರು ಧರಿಸುವ ಕತ್ತಿ, ಕಿರ್ಪಾಣ್? ಚಾಂದನಿ ಚೌಕದ ಸೀಸ್‌ಗಂಜ್ ಗುರುದ್ವಾರದ ಮುಂದೆ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದು. 1675ರಲ್ಲಿ ಗುರು ತೇಗ್ ಬಹಾದುರ್ ತಲೆಕೊಟ್ಟ ಜಾಗ ಅದು. ಅವರ ಮಗ ಗುರು ಗೋಬಿಂದ್ ಸಿಂಗ್ 1699ರ ವೈಶಾಖಿಯಂದು ಕಿರ್ಪಾಣ್ ಧರಿಸುವ ಖಾಲ್ಸಾ ಪಂಥ ಕಟ್ಟಿದರು. ಸಂವಿಧಾನದ 25ನೇ ವಿಧಿಯ ವಿವರಣೆ ಕಿರ್ಪಾಣ್ ಧರಿಸುವುದನ್ನು ಸಿಖ್ ಧರ್ಮಾಚರಣೆಯ ಭಾಗವೆಂದೇ ಹೇಳುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಆರು ಇಂಚಿನವರೆಗಿನ ಅಲಗು, ಹಿಡಿ ಸೇರಿ ಒಂಬತ್ತು ಇಂಚಿನವರೆಗೆ, ಒಪ್ಪಿತ. ದೀಕ್ಷೆ ಪಡೆದ ಅಮೃತಧಾರಿ ಸಿಖ್ಖನಿಗೆ ಇದು, ನನಗೇಕಿಲ್ಲ ಎಂದು ಕೇಳುವವರಿದ್ದಾರೆ. ಉತ್ತರ ನನ್ನ ವಾದದೊಳಗೇ ಇದೆ. ಕಿರ್ಪಾಣ್ ಧರಿಸಿದವನು ದೀಕ್ಷೆ ಪಡೆದಿದ್ದಾನೆ, ಅದು ಏತಕ್ಕೆ ಎಂಬುದು ಸಮುದಾಯಕ್ಕೆಲ್ಲ ಗೊತ್ತು, ದುರುಪಯೋಗಪಡಿಸಿಕೊಂಡರೆ ಅವನನ್ನು ಕೇಳುವವರಿದ್ದಾರೆ. ಕೆನಡಾದ ಸುಪ್ರೀಂ ಕೋರ್ಟ್ 2006ರಲ್ಲಿ ಶಾಲಾ ಹುಡುಗನೊಬ್ಬನಿಗೆ ಕಿರ್ಪಾಣ್ ಧರಿಸಲು ಒಪ್ಪಿದ್ದೂ ಬಟ್ಟೆಯೊಳಗೆ ಭದ್ರವಾಗಿ ಹೊಲಿದಿರಬೇಕೆಂಬಂಥ ಷರತ್ತುಗಳ ಮೇಲೆ, ಹಠಾತ್ ಎಳೆಯಲು ಬರದಂತೆ. ನಮ್ಮ ಕೊಡಗಿನ ಪೀಚೆಕತ್ತಿಯೂ ಇದೇ ಜಾತಿಯದು. ಮದುಮಗನ ಸೊಂಟದಲ್ಲಿ ಎಲ್ಲರಿಗೂ ಕಾಣುವಂತಿರುತ್ತದೆ; ಮದುವೆಯಲ್ಲಿ ಬಾಳೆಕಂಬ ಕಡಿಯಲು ಒಡಿಕತ್ತಿಗೆ ನಿಗದಿಯಾದ ಹೊತ್ತಿದೆ; ಕೈಲ್ ಪೊಳ್ದ್ ಹಬ್ಬದಲ್ಲಿ ಕತ್ತಿ ಕೋವಿಗಳಿಗೆ ಪೂಜೆಯಿದೆ. ಆಯುಧಪೂಜೆಯ ದಿನ ಈಳಿಗೆಮಣೆಗೂ ಸ್ಪ್ಯಾನರಿಗೂ ಕುಂಕುಮ ಹಚ್ಚುವ ಮನೆಗಳು ವರ್ಷಕ್ಕೊಮ್ಮೆ ಪ್ರತಿ ಸಲಕರಣೆಯ ಕೆಲಸವನ್ನು ನೆನಪಿಸಿಕೊಳ್ಳುತ್ತವೆ. ಜೀನ್ಸ್ ಜೇಬಿನ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಭಾರೀ ಚಾಕುವಿಗೆ ಇಂಥ ಸಾಕ್ಷಿ ಯಾರೂ ಇಲ್ಲ. ಧರ್ಮದ ಹೆಸರಿದ್ದರೆ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಮೆರವಣಿಗೆಗಳಲ್ಲಿ ಬೀಸುವ ತಲವಾರುಗಳಿಗೂ ಧರ್ಮದ ಹೆಸರಿದೆ, ಹೊಣೆ ಮಾತ್ರ ಯಾರಿಗೂ ಇಲ್ಲ.

ಇಷ್ಟನ್ನು ಒಪ್ಪಿದವನಿಗೆ ಅಂಗಡಿಯ ಪ್ರಶ್ನೆ ಸಲೀಸು. ಮೂರು ಇಂಚಿನೊಳಗಿನ ಅಲಗು, ಎರಡು ಎರಡೂವರೆ ಮಿಲಿಮೀಟರ್ ದಪ್ಪ, ದೆಹಲಿಯ ಮಳೆಗಾಲದ ಬೆವರಿಗೂ ನಿಂಬೆಹಣ್ಣಿನ ಹುಳಿಗೂ ತುಕ್ಕು ಹಿಡಿಯದ ಉಕ್ಕು, ಉಗುರು ಅಥವಾ ಹೆಬ್ಬೆರಳಿನಿಂದ ನಿಧಾನವಾಗಿ ತೆರೆಯುವಂಥದು. ಬಟನ್, ಸ್ಪ್ರಿಂಗ್ ಬೇಡ. ಮೆಟ್ರೋ ಹತ್ತುವ ದಿನ ಅದು ಮನೆಯಲ್ಲೇ ಇರಲಿ. ಅದಿಲ್ಲದೆ ಆ ದಿನ ಏನೂ ಕೆಡುವುದಿಲ್ಲವಾದರೆ ಅದೂ ಒಂದು ಉತ್ತರವೇ. ಲಾಕ್ ಮಾತ್ರ ಬೇಕೆಂದೇ ನನ್ನ ಅಭಿಪ್ರಾಯ. ಲಾಕ್ ಇದ್ದರೆ ಚಾಕು ಆಯುಧದ ಕಡೆ ವಾಲುತ್ತದೆ ಎನ್ನುವವರು ಗಟ್ಟಿ ಹಗ್ಗದ ಮೇಲೆ ಒತ್ತಿದಾಗ ಅಲಗು ಹಿಂದಕ್ಕೆ ಮಡಚಿ ಬೆರಳಿಗೆ ಬೀಳುವುದನ್ನು ಮರೆಯುತ್ತಾರೆ. ಒಪಿನೆಲ್ ಕಂಪನಿ ತನ್ನ ಸಾದಾ ಮರದ ಹಿಡಿಯ ಚಾಕುವಿಗೆ 1955ರಲ್ಲಿ ತಿರುಗಿಸುವ ಬಳೆ ಹಾಕಿದ್ದು ರೈತರ ಬೆರಳು ಉಳಿಯಲೆಂದು. ಟ್ರಕ್ಕಿನ ತಾಡಪಾಲು ಕಟ್ಟುವವನಿಗೆ, ಕೇಬಲ್ ಎಳೆಯುವವನಿಗೆ ಭಾರೀ ಚಾಕುವೇ ಬೇಕಾದೀತು. ಅವನು ಅದನ್ನು ಕೊಳ್ಳಲಿ, ಸಂಜೆ ಕೆಲಸ ಮುಗಿದ ಮೇಲೆ ಸಲಕರಣೆಗಳ ಚೀಲದಲ್ಲಿ ಇಕ್ಕಳದ ಜೊತೆ ಇಡಲಿ.