ಕಂಡದ್ದನ್ನು ಹೇಳಬಾರದೆ?

ಕಣ್ಣಾರೆ ಕಂಡದ್ದನ್ನು ಕೇಳಿದವರಿಗೆ ಹೇಳದಿದ್ದರೆ ಅದು ಸುಳ್ಳಾಗುತ್ತದೆಯೆ? ನನಗೆ ಈ ಪ್ರಶ್ನೆ ಹುಟ್ಟಿದ್ದು ಅಣ್ಣನ ಮಗಳ ಓದಿನಿಂದ. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಆಕೆ ಮೆಡಿಕಲ್ ಇಮೇಜಿಂಗ್ ಓದುತ್ತಾಳೆ. "ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಮತ್ತೇನಂತೆ?" ಎಂದು ನೆಂಟರು ಕೇಳುವುದುಂಟು. ಫಿಸಿಯೋಥೆರಪಿ, ಲ್ಯಾಬು, ಎಕ್ಸ್-ರೇ ಮುಂತಾದ ಈ ವೃತ್ತಿಗಳನ್ನೆಲ್ಲ ಒಂದು ಆಯೋಗದಡಿ ತರಲು 2021ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿದೆ. ನೆಂಟರಿಗೆ ಕಾಯಿದೆ ಓದಿ ಹೇಳುವವರು ಯಾರು!

ಈಗ ಅವಳಿಗೆ ಮ್ಯಾಮೋಗ್ರಫಿ ಕೋಣೆಯಲ್ಲಿ ತರಬೇತಿ. ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿ, ಒಂದೊಂದಕ್ಕೆ ಎರಡರಂತೆ ಚಿತ್ರ ತೆಗೆಯಬೇಕು. ಗಂಡನೆದುರೂ ಸಂಕೋಚಪಡುವ ಹೆಂಗಸರು ಆ ತಣ್ಣನೆಯ ಯಂತ್ರದ ಮುಂದೆ ನಿಲ್ಲುತ್ತಾರೆ. ಪರದೆಯ ಮೇಲೆ ಚಿತ್ರ ಮೂಡಿದಾಗ ಮೊದಲು ನೋಡುವವಳು ಇವಳೇ. ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ ಅವರು ಕೇಳುತ್ತಾರೆ: "ಏನಾದ್ರೂ ಕಾಣಿಸ್ತೇನಮ್ಮಾ?"

"ಡಾಕ್ಟರು ನೋಡಿ ಹೇಳ್ತಾರೆ." ಅವಳಿಗೆ ಕಲಿಸಿದ ಉತ್ತರ ಇಷ್ಟೇ.

ಮೊದಲು ಕೇಳಿದಾಗ ನನಗೆ ಸಿಟ್ಟೇ ಬಂತು. ಅವಳ ಮೈ, ಅವಳ ಜೀವ. ಪಕ್ಕದಲ್ಲಿ ನಿಂತವಳಿಗೆ ಗೊತ್ತಿದ್ದದ್ದು ಅವಳಿಗೇ ಗೊತ್ತಾಗಬಾರದೆ? ಆದರೆ "ಗೊತ್ತಿದೆ" ಎನ್ನುವ ಮಾತೇ ಅಷ್ಟು ಸಲೀಸಲ್ಲ ನೋಡಿ. ಗಡ್ಡೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಚಿಕ್ಕ ವಯಸ್ಸಿನವರಲ್ಲಿ ದಟ್ಟವಾಗಿರುವ ಸಹಜ ಅಂಗಾಂಶವೂ ಬೆಳ್ಳಗೇ ಕಾಣುತ್ತದೆ. ಗಡ್ಡೆಯೇ ಆದರೂ ನಿರಪಾಯದ್ದಿರಬಹುದು. ಹುಡುಗಿಗೆ ಕಂಡದ್ದು ಬಿಳಿ ಕಲೆ, ಕಾಯಿಲೆಯಲ್ಲ. ಅರ್ಧ ತಿಳಿದದ್ದನ್ನು ಪೂರ್ತಿ ಎಂಬಂತೆ ಹೇಳಿದರೆ ಅದೂ ಸುಳ್ಳೇ ತಾನೆ?

ಅಲ್ಲದೆ ಬಾಯಿ ಮುಚ್ಚಬೇಕಾದದ್ದು ರೋಗಿಯ ಕಡೆಗೆ ಮಾತ್ರ. ಸಂಶಯ ಬಂದರೆ ತಡಮಾಡದೆ ರೇಡಿಯಾಲಜಿಸ್ಟರಿಗೆ ತೋರಿಸಬೇಕು. ಲ್ಯಾಬಿನವರಿಗೂ ಹಾಗೆಯೇ: ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದ್ದರೆ ವರದಿ ಬರೆದು ಮುಗಿಯಲೆಂದು ಕೂರದೆ ವಾರ್ಡಿಗೆ ಫೋನು ಮಾಡಬೇಕು, ಹೃದಯವೇ ನಿಂತೀತು. ಅಲ್ಲಿ ಸುಮ್ಮನಿದ್ದರೆ ಅದು ನಿಜಕ್ಕೂ ಪಾಪ.

ಆದರೂ ನನಗೊಂದು ಕೊರಗು ಉಳಿದಿತ್ತು. ಬಾಯಿ ಮುಚ್ಚುವುದನ್ನು ಕಲಿಸಬಹುದು, ಮುಖಕ್ಕೇನು ಮಾಡುವುದು? ಹೆಂಗಸರು ಇನ್ನೊಬ್ಬ ಹೆಂಗಸಿನ ಮುಖ ಓದಿಬಿಡುತ್ತೇವಲ್ಲ! ಇನ್ನು, ದೂರದ ಹಳ್ಳಿಯಿಂದ ಒಬ್ಬಳೇ ಬಸ್ಸಿನಲ್ಲಿ ಬಂದವಳು, ಹಸು ಕರೆಯುವ ಹೊತ್ತಾಯಿತೆಂದು ರಿಪೋರ್ಟು ಪಡೆಯದೆ ಹೊರಟುಬಿಟ್ಟರೆ? "ಡಾಕ್ಟರು ಹೇಳುತ್ತಾರೆ" ಎಂಬ ಉತ್ತರ, ಅವಳು ಡಾಕ್ಟರ ಬಳಿಗೆ ಮರಳಿ ಬಂದೇ ಬರುತ್ತಾಳೆಂದು ನಂಬಿದ ಉತ್ತರ. ಇದನ್ನು ಹುಡುಗಿಯ ಮುಂದಿಟ್ಟೆ.

"ರಿಪೋರ್ಟ್ ತಗೊಂಡು ಡಾಕ್ಟರಿಗೆ ತೋರಿಸದೆ ಊರಿಗೆ ಹೋಗಬೇಡಿ ಅಂತ ಕೈ ಹಿಡಿದು ಹೇಳ್ತೀನತ್ತೆ."

"ಹಾಗೆ ಕೈ ಹಿಡಿದರೆ ಅವರಿಗೆ ಗೊತ್ತಾಗೋದಿಲ್ಲವೇನೆ?"

"ಎಲ್ಲರ ಕೈನೂ ಹಿಡೀತೀನಿ," ಎಂದಳು. "ಏನೂ ಕಾಣದೇ ಇದ್ದವರದ್ದೂ."